ಕೇಸರಿಬಾತಿನ ಬಣ್ಣ ಹೋದ ಬಗೆ

ಪೋರೂರು, ಚೆನ್ನೈ
೨೭ ಏಪ್ರಿಲ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ರತ್ನಾ,

ಹೇಗಿದ್ದಿ? ಅಕ್ಕನ ಮೊಣಕಾಲಿನ ಹೊಲಿಗೆ ಬಿಚ್ಚಿದರಾ? ಅವರು ಕೋಲು ಹಿಡಿದು ಅಂಗಳದವರೆಗೆ ನಡೆದರೆಂದು ಕೇಳಿ ಸಮಾಧಾನವಾಯಿತು. ಅವರ ಆರೈಕೆಯಲ್ಲಿ ನಿನ್ನ ಸೊಂಟವನ್ನು ಮರೆಯಬೇಡ. ಎಣ್ಣೆ ಹಚ್ಚಿಕೊಂಡೆಯಾ ಎಂದು ಕೇಳಿದರೆ ಹೂಂ ಅನ್ನುತ್ತಿ, ಹಚ್ಚುವುದಿಲ್ಲವೆಂದು ನನಗೆ ಗೊತ್ತು. ಇಲ್ಲಿ ಅಪ್ಪ, ಮಗಳು ಇಬ್ಬರೂ ಚೆನ್ನಾಗಿದ್ದೇವೆ. ದಿನಾ ಫೋನು ಮಾಡುವವನು ಇದ್ದಕ್ಕಿದ್ದಂತೆ ಕಾಗದ ಬರೆದನಲ್ಲ ಎಂದು ಹೆದರಬೇಡ. ನೀನು ಸ್ಪೀಕರ್ ಹಾಕಿ ಮಾತಾಡುತ್ತಿ, ಅಕ್ಕನ ಮನೆಯವರೆಲ್ಲ ಸುತ್ತ ಕೂತು ಕೇಳುತ್ತಾರೆ. ಈ ಸುದ್ದಿ ಸ್ಪೀಕರಿಗೆ ಹೇಳುವಂಥದ್ದಲ್ಲ.

ವೀಕ್ಷಾಳ ಎಂ.ಎಸ್ಸಿ. ಪ್ರಾಜೆಕ್ಟ್ ನೆನಪುಂಟಲ್ಲ, ನೀರಿನಿಂದ ಬಣ್ಣ ತೆಗೆಯುವ ಕಪ್ಪು ಪುಡಿ. ಅದರ ಒಂದೊಂದು ಕಣವೂ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಸಣ್ಣದಂತೆ. ಬಣ್ಣ ಅದಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಅಯಸ್ಕಾಂತ ಹಿಡಿದರೆ ಪುಡಿ, ಬಣ್ಣ ಎರಡೂ ಒಟ್ಟಿಗೆ ಬದಿಗೆ ಬರುತ್ತವೆ. ಕಾಲೇಜಿನ ಲ್ಯಾಬಿನಲ್ಲಿ ಕಲಸಿದ ಬಣ್ಣದ ನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡಿತು. ಆದರೆ ಅವಳ ಗೈಡ್ ಊರ್ಮಿಳಾ ಮೇಡಂ, ನಿಜವಾದ ಕೊಳಕು ನೀರಿನಲ್ಲಿ ಮಾಡಿ ತೋರಿಸು ಎಂದರಂತೆ. ಬಣ್ಣದ ಕಾರ್ಖಾನೆಯ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತರೆ ವಾಚ್‌ಮನ್ ಓಡಿಸುತ್ತಾನೆ ಎಂದು ಮುಖ ಸಣ್ಣ ಮಾಡಿಕೊಂಡಿದ್ದಳು. ಆಗ ನಾನೇ, ನನ್ನ ಬುದ್ಧಿಗೆ ಏನು ಹೇಳುವುದು, ನಮ್ಮ ಹೋಟೆಲಿನ ಕೇಸರಿಬಾತಿನ ಬಾಣಲೆ ತೊಳೆದ ನೀರು ಕೊಂಡುಹೋಗು ಎಂದೆ. ಇಪ್ಪತ್ತೆರಡು ವರ್ಷ ಸ್ವೀಟ್ ಮಾಸ್ಟರ್ ಆಗಿ ಎಷ್ಟು ಕಲರ್ ಸುರಿದಿದ್ದೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮದುವೆಯ ಫೋಟೋದಲ್ಲೂ ನನ್ನ ಬೆರಳು ಕಿತ್ತಳೆ ಬಣ್ಣ ಎಂದು ನೀನು ಈಗಲೂ ಹಂಗಿಸುತ್ತಿ.

ಆ ನೀರನ್ನು ಲ್ಯಾಬಿಗೆ ಕೊಂಡುಹೋಗಿ ಮಾಡಿ, ಪ್ರಾಜೆಕ್ಟ್ ಬರೆದು ಮುಗಿಸಿದ್ದಳು. ಹೋದ ವಾರದ ಹಿಂದಿನ ಗುರುವಾರ, ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿ ಶುರುವಾಗುವ ಮುಂಚೆ, ಅದನ್ನು ನನಗೆ ತೋರಿಸಲೆಂದು ಪಾತ್ರೆ ತೊಳೆಯುವಲ್ಲೇ ಇನ್ನೊಮ್ಮೆ ಮಾಡಿದಳು. ಗಾಜಿನ ಜಾಡಿಯಲ್ಲಿ ಕಿತ್ತಳೆ ನೀರು. ಪುಡಿ ಹಾಕಿ ಕದಡಿ ಅರ್ಧ ಗಂಟೆ ಬಿಟ್ಟಳು. ಆಮೇಲೆ ಹಳೆ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಜಾಡಿಗೆ ಒತ್ತಿ ಹಿಡಿದಳು. ರತ್ನಾ, ಆ ಕಪ್ಪೆಲ್ಲ ಇರುವೆ ಸಾಲಿನಂತೆ ಹರಿದು ಬಂದು ಒಂದು ಬದಿಗೆ ಕೂತಿತು. ನೀರು ಬಾವಿ ನೀರಿನ ಹಾಗೆ ಆಯಿತು. ಪಾತ್ರೆ ತೊಳೆಯುವ ಗುಣವತಿ ಕೈಯಲ್ಲಿದ್ದ ತಟ್ಟೆ ಬಿಟ್ಟು, "ಅಯ್ಯಯ್ಯೋ, ಕಲರ್ ಎಂಗ ಪೋಚು?", ಬಣ್ಣ ಎಲ್ಲಿ ಹೋಯಿತು ಎಂದು ಕೂಗಿದಳು. ಆ ಕೂಗಿಗೆ ವಿಶ್ವನಾಥ ಧಣಿಗಳು ಗಲ್ಲಾ ಬಿಟ್ಟು ಒಳಗೆ ಬಂದರು.

"ಎಂತ ಮಗಾ ಇದು?" ಎಂದು ಕೇಳಿದರು. ನಮ್ಮವಳಿಗೆ ಒಳಗುಟ್ಟು ಏನೂ ಗೊತ್ತಿಲ್ಲ. "ಅಂಕಲ್, ನಿಮ್ಮ ಕಿಚನ್ ನೀರಲ್ಲಿ ಸಿಕ್ಕಾಪಟ್ಟೆ ಡೈ ಉಂಟು. ಸೂಪರ್ ಸ್ಯಾಂಪಲ್!" ಎಂದಳು. ಬಾಗಿಲಲ್ಲಿ ಧಣಿಗಳು ತೂಗುಹಾಕಿದ ಬೋರ್ಡ್ ನಿನಗೆ ಗೊತ್ತು: ಕೃತಕ ಬಣ್ಣವಿಲ್ಲ, ಅಸಲಿ ಕಾಶ್ಮೀರಿ ಕೇಸರಿ ಮಾತ್ರ. ನಾನು ಹಿಂದೆ ನಿಂತು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. "ಅಪ್ಪಾ, ತಣ್ಣಿ ಕುಡೀರಿ" ಎಂದಳೇ ಹೊರತು ನಿಲ್ಲಿಸಲಿಲ್ಲ. ಧಣಿಗಳು ಮೆಲ್ಲಗೆ, "ಹೋಟೆಲಿನ ಹೆಸರು ಎಲ್ಲಿಯಾದರೂ ಬರೆದಿದ್ದೀಯಾ?" ಎಂದರು. "ಬರೆಯದೆ ಇರ್ತೇನಾ ಅಂಕಲ್! ಮೊದಲ ಪುಟದಲ್ಲೇ ನಿಮಗೆ ಥ್ಯಾಂಕ್ಸ್ ಹೇಳಿದ್ದೇನೆ. ನಾಲ್ಕು ಕಾಪಿ ಬೈಂಡ್ ಆಗಿ ಕಾಲೇಜಿಗೆ ಹೋಯ್ತು."

ಧಣಿಗಳು ಅಕ್ಕಿಮೂಟೆಯ ಮೇಲೆ ಕೂತುಬಿಟ್ಟರು. "ಕಾಂತಪ್ಪ, ನಿನ್ನ ಮಗಳು ನನ್ನ ಹೋಟೆಲ್ ಮುಚ್ಚಿಸ್ತಾಳೆ. ಹೆಸರು ತೆಗೆಸು, ಇಲ್ಲದಿದ್ದರೆ ನಾಳೆಯಿಂದ ನೀನು ಬರುವುದು ಬೇಡ" ಎಂದರು. ವೀಕ್ಷಾಳಿಗೆ ಆಗ ತಿಳಿಯಿತು. ಜಾಡಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು. ನನಗೆ ಧಣಿಗಳ ಎದುರು ಮಾತಾಡಿ ಅಭ್ಯಾಸವಿಲ್ಲ, ಸಕ್ಕರೆ ಸಾಲದು ಎಂದು ಹೇಳುವುದಕ್ಕೂ ಎರಡು ಸಲ ಯೋಚಿಸುತ್ತೇನೆ. ಅಂದು ಎಲ್ಲಿಂದ ಬಂತೋ ಗೊತ್ತಿಲ್ಲ, "ಧಣೀ, ಹೆಸರು ತೆಗೆಯುವುದು ಬೇಡ, ಕಲರ್ ತೆಗೆಯುವ" ಎಂದುಬಿಟ್ಟೆ. ಅವರು ಎದ್ದು ಗಲ್ಲಾಕ್ಕೆ ಹೋದರು. ಸಂಜೆಯೆಲ್ಲ ಅವರು ನನ್ನ ಮುಖ ನೋಡಲಿಲ್ಲ. ಮನೆಗೆ ಬಂದು ಇಬ್ಬರೂ ಬರೀ ಗಂಜಿ ಕುಡಿದು ಮಲಗಿದೆವು.

ಮರುದಿನ ಹೋದರೆ ಬಾಣಲೆಯ ಪಕ್ಕದಲ್ಲಿ ಕಲರ್ ಡಬ್ಬಿ ಇಲ್ಲ. ಒಂದು ಪುಟ್ಟ ಡಬ್ಬಿಯಲ್ಲಿ ನಿಜವಾದ ಕೇಸರಿ ಎಸಳು ಇತ್ತು. ಹಾಲಿನಲ್ಲಿ ನೆನೆಸಿ ಹಾಕಿದೆ. ಕೇಸರಿಬಾತು ಮಂಕು ಹಳದಿಯಾಗಿ, ಜ್ವರದಿಂದ ಎದ್ದವರ ಹಾಗೆ ಕಂಡಿತು. ಎಲ್‌ಐಸಿಯಿಂದ ನಿವೃತ್ತರಾದ ಮಧುಸೂದನ್ ಸಾರ್ ಒಂದು ಚಮಚ ಬಾಯಿಗಿಟ್ಟು, ಉಪ್ಪಿಟ್ಟಿಗೆ ಸಕ್ಕರೆ ಬಿದ್ದಿದೆ ಎಂದು ದೂರಿದರು. ದೂರುತ್ತಲೇ ತಟ್ಟೆ ಖಾಲಿ ಮಾಡಿ ಇನ್ನೊಂದು ತರಿಸಿದರು. ಧಣಿಗಳು ಗಲ್ಲಾದಿಂದಲೇ ಅದನ್ನು ನೋಡುತ್ತಿದ್ದರು.

ಮೊನ್ನೆ ಶುಕ್ರವಾರ ವೀಕ್ಷಾಳ ಪ್ರಾಜೆಕ್ಟಿನ ಪರೀಕ್ಷೆ. ತಾಂಬರಂ ಹತ್ತಿರದ ಕಾಲೇಜಿಗೆ ನಾನೂ ಹೋದೆ. ನೋಡಿದರೆ ಕೊನೆಯ ಸಾಲಿನಲ್ಲಿ ಧಣಿಗಳು, ರೇಷ್ಮೆ ಶಾಲು ಹೊದ್ದು ಕೂತಿದ್ದಾರೆ! ಹೊರಗಿನಿಂದ ಬಂದ ಪರೀಕ್ಷಕರು, ಹೋಟೆಲಿನ ಸ್ಯಾಂಪಲ್ ಇಷ್ಟೇ ಯಾಕೆ ಎಂದು ಕೇಳಿದರು. "ಸರ್, ಇದೇ ಕೊನೆಯ ಬಾಟಲಿ. ಅಪ್ಪ ಕಲರ್ ಹಾಕುವುದನ್ನು ನಿಲ್ಲಿಸಿಬಿಟ್ಟರು" ಎಂದಳು ವೀಕ್ಷಾ. ಎಲ್ಲರೂ ನಕ್ಕರು. ಧಣಿಗಳು ಎದ್ದು ನಿಂತು, "ಅಂದ ಹೋಟೆಲ್ ಓನರ್ ನಾನ್‌ದಾನ್!", ಆ ಹೋಟೆಲಿನ ಯಜಮಾನ ನಾನೇ ಎಂದು ಕೈಮುಗಿದರು. ಪರೀಕ್ಷಕರು ಚಪ್ಪಾಳೆ ತಟ್ಟಿದರು. ನಮ್ಮ ಹುಡುಗಿ ಫಸ್ಟ್ ಕ್ಲಾಸ್ ಅಂತ ಮೇಡಂ ಆಗಲೇ ಕಿವಿಯಲ್ಲಿ ಹೇಳಿದ್ದಾರೆ. ನಾನು ಹೊರಗೆ ಬಂದು, ಕಣ್ಣಿಗೆ ಕಸ ಬಿತ್ತೆಂದು ಸುಳ್ಳು ಹೇಳಿ ಮುಖ ತೊಳೆದುಕೊಂಡೆ. ನನ್ನ ಬೆರಳುಗಳು ಈಗ ಎಲ್ಲರ ಬೆರಳಿನ ಹಾಗೆ ಇವೆ, ಬಂದಾಗ ನೋಡು.

ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳ ತಲೆ ನೇವರಿಸು. ನೀನು ಬರುವ ದಿನ ರೈಲು ನಿಲ್ಲುವಲ್ಲಿ ಇಬ್ಬರೂ ಇರುತ್ತೇವೆ.

ನಿನ್ನ
ಕಾಂತಪ್ಪ

ಮರೆತೆ: ಇದನ್ನು ಓದಿದ ಕೂಡಲೇ ಹರಿದುಹಾಕು. ಉಳಿದ ಪುಡಿಯನ್ನು ಧಣಿಗಳು ಬೇಡಿ ತಂದು, ಗಲ್ಲಾದ ಮೇಲೆ ಗಣಪತಿ ಫೋಟೋದ ಪಕ್ಕದಲ್ಲಿಟ್ಟು, ಕುಂಕುಮ ಹಚ್ಚಿ ಬೆಳಗ್ಗೆ ಸಂಜೆ ಊದುಬತ್ತಿ ಬೆಳಗುತ್ತಿದ್ದಾರೆ. ಅವರು ಎಷ್ಟು ಮಡಿಯೆಂದು ನಿನಗೆ ಗೊತ್ತು, ಈರುಳ್ಳಿ ಸಾಂಬಾರಿನ ಸೌಟನ್ನೂ ಮುಟ್ಟುವುದಿಲ್ಲ. ನಿನ್ನೆ ವೀಕ್ಷಾ ಹೇಳಿದಳು, ಬಣ್ಣ ಅಂಟಲೆಂದು ಆ ಪುಡಿಗೆ ಸಿಗಡಿ ಸಿಪ್ಪೆಯಿಂದ ಮಾಡಿದ ಲೇಪ ಕೊಟ್ಟಿದ್ದಾಳಂತೆ. ನೀನು ಹೊಸ ವರ್ಷದ ದಿನ ತೆಂಗಿನಕಾಯಿ ಅರೆದು ಗಸಿ ಮಾಡಿದೆಯಲ್ಲ, ಆ ಸಿಗಡಿಯದೇ ಸಿಪ್ಪೆ! ಹೇಳಲಾ, ಬೇಡವಾ? ಬೇಗ ಬಾ ಮಾರಾಯ್ತಿ.