ಹಸಿರು ಬೆಳಕು ಮತ್ತು ಹಿಲ್ಬರ್ಟನ ಕನ್ನಡಕ

೧೪ ನವೆಂಬರ್ ೧೯೭೮, ಮಂಗಳವಾರ

ನಾನು ಕ್ಲಾಸ್ಯೆ, ಈ ಮನೆಯ ಯಜಮಾನಿ. ಗಂಡ ಹೋದ ಮೇಲೆ ಊಟದ ನಂತರ ಬೈಬಲ್ ಓದುವವಳು ನಾನೇ. ನಮ್ಮಲ್ಲಿ ಬೈಬಲ್ ಓದುವವರದೇ ಮನೆಯ ಯಜಮಾನಿಕೆ. ಸಕ್ಕರೆ ಕಾಯಿಲೆ ನನ್ನ ಕಣ್ಣುಗಳನ್ನು ತಿನ್ನತೊಡಗಿದ ಮೇಲೆ ಹಿರಿಮಗ ಹಿಲ್ಬರ್ಟನಿಗೆ ಎಲ್ಲಿಲ್ಲದ ದೈವಭಕ್ತಿ ಬಂದುಬಿಟ್ಟಿದೆ.

ಇವತ್ತು ಯಾರಿಗೂ ಹೇಳದೆ ಬಸ್ಸು ಹತ್ತಿ ಜ್ವೊಲ್ಲೆ ಪಟ್ಟಣದ ಆಸ್ಪತ್ರೆಗೆ ಹೋಗಿ ಎಡಗಣ್ಣಿಗೆ ಚಿಕಿತ್ಸೆ ಮಾಡಿಸಿಕೊಂಡು ಬಂದೆ. ಲೇಸರ್ ಯಂತ್ರದ ಕೊಳವೆಯಲ್ಲಿ ಆರ್ಗಾನ್ ಅನಿಲವಿರುತ್ತದಂತೆ. ಅದು ಹೊರಗೆ ಬರುವುದಿಲ್ಲ. ಅದರಿಂದ ಹುಟ್ಟಿದ ಹಸಿರು ಬೆಳಕು ಮಾತ್ರ ಕಣ್ಣೊಳಗೆ ಸೋರುವ ರಕ್ತನಾಳಗಳನ್ನು ಸುಡುತ್ತದೆ. ಆ ಅನಿಲ ಯಾವುದರ ಜೊತೆಗೂ ಬೆರೆಯುವುದಿಲ್ಲ ಎಂದರು ಡಾಕ್ಟರು. ಈ ಮನೆಯವರಿಗಿಂತ ಬುದ್ಧಿವಂತ ಅನಿಲ.

ಸಂಜೆ ಊಟಕ್ಕೆ ಕೂತಾಗ ಆಸ್ಪತ್ರೆಯ ಸಂಗತಿಯನ್ನೆಲ್ಲ ಹೇಳಿದೆ. ಊಟವಾದ ಮೇಲೆ ಹಿಲ್ಬರ್ಟ್ ನನ್ನ ಕಣ್ಣಿನ ಪಟ್ಟಿ ನೋಡುತ್ತಲೇ ಬೈಬಲ್ಲಿಗೆ ಕೈ ಹಾಕಿದ.

"ಅಮ್ಮಾ, ದೇವರು ಮುಚ್ಚಿಸೋ ಕಣ್ಣನ್ನ ಗ್ಯಾಸ್ ಹಾಕಿಸ್ಕೊಂಡು ತೆರೆಸೋದು ಪಾಪ. ಇನ್ಮೇಲೆ ನಾನೇ ಓದ್ತೀನಿ, ಬಿಡಿ."

"ಓದಪ್ಪಾ. ಮೊದ್ಲು ಆ ಕನ್ನಡಕ ಇಲ್ಲಿ ಕೊಡು. ದೇವರು ಕೊಟ್ಟ ಕಣ್ಣಲ್ಲೇ ಓದು."

ಸೊಸೆ ರೂಲೋಫ್ಯೆ ಮಜ್ಜಿಗೆ ಗಂಜಿಯ ಬಟ್ಟಲಿಗೆ ಮುಖ ಬಗ್ಗಿಸಿ, "ಕೊಡ್ರೀ, ನೋಡೋಣ" ಎಂದಳು. ಇವಳಿಗೂ ಬಾಯಿದೆ ಎಂದು ಇವತ್ತು ಗೊತ್ತಾಯಿತು.

ಕೊಟ್ಟ. ಪುಟವನ್ನು ಮೂಗಿಗೆ ತಾಗಿಸಿಕೊಂಡು ಮೊದಲ ಸಾಲಿನಲ್ಲೇ ತಡವರಿಸಿದ. ಇಂಥವನು ಚರ್ಚಿನ ಹಿರಿಯರಲ್ಲಿ ಒಬ್ಬನಂತೆ!

ಬೈಬಲ್ ಕಸಿದುಕೊಂಡು ಬಲಗಣ್ಣಿನಲ್ಲೇ ಅಧ್ಯಾಯ ಮುಗಿಸಿದೆ. ಅಕ್ಷರಗಳು ಈಜುತ್ತಿದ್ದವು, ಅರ್ಧ ಬಾಯಿಪಾಠದಿಂದಲೇ ಹೇಳಿದೆ. ಅವನಿಗೆ ತಿಳಿಯಲಿಲ್ಲ, ಕನ್ನಡಕ ನನ್ನ ಕೈಯಲ್ಲಿತ್ತು.

ಬೈಬಲ್ ಈಗ ನನ್ನ ದಿಂಬಿನ ಪಕ್ಕದಲ್ಲಿದೆ. ಬಲಗಣ್ಣಿನ ಚಿಕಿತ್ಸೆಗೂ ದಿನ ಗೊತ್ತುಮಾಡಿಕೊಂಡೇ ಬಂದಿದ್ದೇನೆ.