ಗಾಳಿಯಂತ್ರಕ್ಕೆ ಬೇಕಾಗಿದ್ದ ಒಂದು ಸಾಲು

ಹಳೆಯ ಚಿನ್ನದ ಗಣಿ, ಕೆಳಗೇರಿ
ಫೆಬ್ರವರಿ ಮೂವತ್ತು, ೨೪೧೧

ಸಂಪಂಗಿ ತಾತನವರಿಗೆ ಸೊಣ್ಣಮ್ಮನ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಈ ಕಾಗದವನ್ನು ಹಿಂದಕ್ಕೆ, ನಿಮ್ಮ ಕಾಲಕ್ಕೆ ಕಳಿಸುತ್ತಿದ್ದೇನೆ, ಆದರೆ ನಿಮ್ಮ ಕಾಲದ ಕನ್ನಡ ನನಗೆ ಅಷ್ಟಕ್ಕಷ್ಟೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮಗಿನ್ನೂ ಮದುವೆಯೂ ಆಗಿರಲಿಕ್ಕಿಲ್ಲ, ಆದರೂ ನಮಗೆ ನೀವು ತಾತನೇ. ಮೇಲಿನ ಬಿಸಿಲು ತಡೆಯಲಾಗದೆ ನಾವು ನೆಲದಡಿ ಸಂಸಾರ ಹೂಡಿದ್ದೇವೆ. ಉಸಿರಾಡುವ ಗಾಳಿಯನ್ನು ಓಣಿ ಓಣಿಗೆ ತಳ್ಳುವ ಯಂತ್ರಗಳು ನೀವು ಬರೆದ ಪ್ರೋಗ್ರಾಂನಿಂದಲೇ ನಡೆಯುತ್ತವೆ. ಯಂತ್ರ ಶುರುವಾದಾಗಲೆಲ್ಲ ಪರದೆಯ ಮೇಲೆ ನಿಮ್ಮ ಹೆಸರು ಬರುತ್ತದೆ, ಮಕ್ಕಳು ಕೈಮುಗಿಯುತ್ತವೆ.

ಪ್ರೋಗ್ರಾಂಗೆ ಬೇಕಾದ ಬಿಡಿ ತುಣುಕುಗಳನ್ನು ಒದಗಿಸಲು ಇಲ್ಲಿ ಎರಡು ಪದ್ಧತಿ. ಮೇಲುಗೇರಿಯವರದು ಬುತ್ತಿ: ಪ್ರತಿ ಪ್ರೋಗ್ರಾಂ ತನಗೆ ಬೇಕಾದ್ದನ್ನೆಲ್ಲ ತಾನೇ ಕಟ್ಟಿಕೊಂಡು ಬರುತ್ತದೆ. ಜಾಗವೆಲ್ಲ ದಂಡ ಎಂದು ಅವರನ್ನು ಆಡಿಕೊಳ್ಳುತ್ತಿದ್ದೆವು. ನಮ್ಮದು ಪಂಕ್ತಿ: ತುಣುಕು ಒಂದೇ, ಎಲ್ಲ ಪ್ರೋಗ್ರಾಂಗಳೂ ಅದನ್ನೇ ಹಂಚಿಕೊಳ್ಳುವುದು. ಆದರೆ ತನಗೆ ಏನೇನು ಬೇಕೆಂದು ಪ್ರತಿಯೊಂದೂ ಮೊದಲೇ ಹೇಳಿರಬೇಕು. ಯಾರೂ ಕೇಳದ ತುಣುಕನ್ನು ಗುಡಿಸವ್ವ ಬಂದು ತೆಗೆಯುತ್ತಾಳೆ. ಗುಡಿಸವ್ವ ಹೆಂಗಸಲ್ಲ, ಅಳಿಸುವ ಆಜ್ಞೆಗೆ ನಾವಿಟ್ಟ ಹೆಸರು.

ನಿಮ್ಮ ಪ್ರೋಗ್ರಾಂಗೆ ಗಡಿಯಾರದ ಒಂದು ಪುಟ್ಟ ತುಣುಕು ಬೇಕು. ಅದು ನಿಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇತ್ತು, ಹಾಗಾಗಿ ಬೇಕು ಎಂದು ಬರೆಯುವುದು ನಿಮಗೆ ಹೊಳೆಯಲೇ ಇಲ್ಲ. ಇಲ್ಲೂ ಅದು ಬೀದಿದೀಪದ ಪ್ರೋಗ್ರಾಂ ಜೊತೆ ಬಂದು ಕೂತಿತ್ತು. ಕಳೆದ ಯುಗಾದಿಗೆ ಹೊಸ ದೀಪ ಹಾಕಿ ಹಳೆಯ ಪ್ರೋಗ್ರಾಂ ತೆಗೆದೆವು. ಹಿಂದೆಯೇ ಗುಡಿಸವ್ವ ಬಂದಳು, ಗಡಿಯಾರ ಯಾರಿಗೂ ಬೇಡವೆಂದು ಅದನ್ನೂ ಅಳಿಸಿದಳು. ಕೊನೆಯ ಓಣಿಯ ಯಂತ್ರವನ್ನು ಎಂದಿನಂತೆ ನಿಲ್ಲಿಸಿ ಮತ್ತೆ ಶುರುಮಾಡಿದರು. ನಿಮ್ಮ ಹೆಸರು ಬಂತು, ಗಾಳಿ ಬರಲಿಲ್ಲ. ಹಬ್ಬದ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆ ಓಣಿಯಲ್ಲಿ ನನ್ನ ತಂಗಿ ಬಚ್ಚಮ್ಮನ ಮನೆ. ಮನೆಯಿಂದ ಮನೆಗೆ ದನಿ ಒಯ್ಯುವ ಮಾತಿನ ಕೊಳವೆಯಲ್ಲಿ, ಅಕ್ಕಾ, ಯಾಕೋ ನಿದ್ದೆ ಎಳೀತಿದೆ, ಹೋಳಿಗೆ ಎಲ್ಲಾ ಮುಗಿಸಿಬಿಡಬೇಡ ಎಂದಳು. ಬಾಗಿಲು ಒಡೆಯುವಷ್ಟರಲ್ಲಿ ಓಣಿಗೆ ಓಣಿಯೇ ಮಲಗಿತ್ತು. ಈಗಲೂ ಕೊಳವೆಗೆ ಕಿವಿಯಿಟ್ಟರೆ ಏನೋ ಕೇಳುತ್ತದೆ. ಗಾಳಿ ಕಣಮ್ಮ ಎನ್ನುತ್ತಾರೆ. ಅಲ್ಲಿ ಗಾಳಿಯೆಲ್ಲಿದೆ?

ನಿಮ್ಮ ಮೇಲೆ ನನಗೆ ಕೋಪವಿದೆ ತಾತ, ಮುಚ್ಚಿಡುವುದಿಲ್ಲ. ಪ್ರೋಗ್ರಾಂ ಹಂಚುವ ಮೊದಲು ಒಮ್ಮೆ, ಒಂದೇ ಒಂದು ಸಲ, ಬೇರೇನೂ ಇಲ್ಲದ ಖಾಲಿ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ. ಅದು ಏಳುವುದಿಲ್ಲ. ಆಗ ಗಡಿಯಾರ ಬೇಕೆಂದು ಒಂದು ಸಾಲು ಸೇರಿಸಿ. ಸೇರಿಸಿದರೆ ಬಚ್ಚಮ್ಮ ಸಾಯುವುದಿಲ್ಲ, ನಾನು ಈ ಕಾಗದ ಬರೆಯುವುದೂ ಇಲ್ಲ.

ಇದು ನಿಮ್ಮ ಕೈಯಲ್ಲಿದೆ ಎಂದರೆ, ನೀವಿನ್ನೂ ಆ ಸಾಲು ಬರೆದಿಲ್ಲ.

ಸೊಣ್ಣಮ್ಮ