ಹಿಂದೆ ಕಟ್ಟಿದ ಕೈ

ಮನೆಯಿಂದ,
ಹನ್ನೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ, ಇಲ್ಲ ಆ ಪೈಪ್ ಕಾರ್ಖಾನೆಯ ಸಿಮೆಂಟ್ ಧೂಳಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀರಾ? ಕೆಮ್ಮು ಹೋಯಿತೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಗೆ ಮಂಡಿ ನೋವು ಇದ್ದೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ಥೇಟ್ ಅವಳ ಅಜ್ಜಿ. ನೀವು ಕಳಿಸಿದ ಫೋಟೋ ಬಂತು. ಏನ್ರೀ ಅದು, ಹೊಟ್ಟೆ ಒಳಗೆ ಎಳೆದುಕೊಂಡು, ಕೈ ಹಿಂದೆ ಕಟ್ಟಿಕೊಂಡು, ಪಾಠ ಒಪ್ಪಿಸಲು ಬಾರದೆ ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ! ಅತ್ತೆಯಂತೂ “ನನ್ ಮಗ ದೊಡ್ಡ ಸಾಹೇಬ್ರ ಥರಾ ಕಾಣ್ತಾನೆ” ಎಂದು ಅದನ್ನು ಕನ್ನಡಿಯ ಪಕ್ಕ ಸಿಕ್ಕಿಸಿದ್ದಾರೆ. ಹೆತ್ತ ಕರುಳು, ನಾನೇನು ಹೇಳಲಿ.

ಈಗ ನನ್ನ ಕೈಯ ವಿಷಯ. ಫೋನಿನಲ್ಲಿ ನೀವು ಕೇಳಿದಾಗಲೆಲ್ಲ “ವಾಸಿ, ವಾಸಿ” ಎನ್ನುತ್ತಿದ್ದೆನಲ್ಲ, ವಾಸಿ ಆಗಿರಲಿಲ್ಲ. ನೋಡಿ, ಈಗಲೇ ಮುಖ ಗಂಟು ಹಾಕಿಕೊಳ್ಳಬೇಡಿ, ಪೂರ್ತಿ ಓದಿ. ನೀವು ಹೊರಡುವಾಗ ಬರೀ ತುರಿಕೆ ಇತ್ತು. ಆಮೇಲೆ ಬೆರಳ ಸಂದಿಯೆಲ್ಲ ಕೆಂಪಾಗಿ, ಗೆಣ್ಣುಗಳು ಬಿರಿದು, ನೀರು ಮುಟ್ಟಿದರೆ ಜೀವ ಹೋಗುವಷ್ಟು ಉರಿ. ನನ್ನ ಕೆಲಸವೋ ನೀರಿನಲ್ಲೇ. ಯಂತ್ರದ ಬಿಡಿಭಾಗಗಳಿಗೆ ಅಂಟಿದ ಎಣ್ಣೆ ಬಿಡಿಸಲು ತೊಟ್ಟಿಗೆ ಒಂದು ಔಷಧಿ ಬೆರೆಸುತ್ತಾರಲ್ಲ, ನಾವು ಖಾರದ ನೀರು ಎನ್ನುತ್ತೇವಲ್ಲ, ದಿನವಿಡೀ ಅದರಲ್ಲೇ. ಜೊತೆಗಿರುವ ಹೆಂಗಸರಲ್ಲೂ ಅರ್ಧ ಜನರ ಕೈ ಹೀಗೇ. ರಕ್ತ ಕೆಟ್ಟಿದೆ, ಉಷ್ಣ ಆಗಿದೆ ಎಂದು ನಮಗೆ ನಾವೇ ಹೇಳಿಕೊಂಡೆವು. “ಕೈ ಸರಿಹೋಗದಿದ್ರೆ ತೊಟ್ಟಿ ಬಿಡಬೇಕಾಗತ್ತೆ, ಬೇರೆ ಕಡೆ ಜಾಗ ಇಲ್ಲ” ಎಂದು ಸೂಪರ್‌ವೈಸರ್ ಹೇಳಿಯೂ ಬಿಟ್ಟ. ಆದರೆ ನನ್ನ ಕರುಳು ಚುರುಕ್ ಎಂದದ್ದು ಆ ಮಾತಿಗಲ್ಲ. ಮಗಳಿಗೆ ಜಡೆ ಹಾಕಲು ಕೂತರೆ ಕೂದಲು ನನ್ನ ಬೆರಳಿನ ಬಿರುಕಿಗೆ ಸಿಕ್ಕಿಕೊಂಡು ಎಳೆಯುತ್ತಿತ್ತು. ಒಂದು ದಿನ ಅವಳು ಬಾಚಣಿಗೆ ತೆಗೆದುಕೊಂಡು ಸದ್ದಿಲ್ಲದೆ ಅಜ್ಜಿಯ ಹತ್ತಿರ ಹೋಗಿ ಕೂತಳು. ಅತ್ತೆ ಹಾಕುವ ಜಡೆ ನಿಮಗೆ ಗೊತ್ತಲ್ಲ, ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಆದರೂ ಅವಳು ನನ್ನ ಹತ್ತಿರ ಬರಲಿಲ್ಲ.

ಅಷ್ಟರಲ್ಲಿ ನಮ್ಮ ಕಾರ್ಖಾನೆಗೆ ಹೊಸ ನರ್ಸ್ ಬಂದಳು. ನನ್ನ ಭುಜಕ್ಕೂ ಬಾರದ ಹುಡುಗಿ. ಬಂದ ವಾರದಲ್ಲೇ ನಾವು ಅವಳಿಗೆ ಪಟಾಕಿ ಎಂದು ಹೆಸರಿಟ್ಟೆವು. ಹಿಂದಿನವರು ಕಿಟಕಿಯಿಂದಲೇ ಮುಲಾಮು ಕೊಟ್ಟು ಕಳಿಸುತ್ತಿದ್ದರು. ಇವಳು ನೆಟ್ಟಗೆ ತೊಟ್ಟಿಯ ಹತ್ತಿರ ಬಂದು “ಎಲ್ರೂ ಕೈ ತೋರ್ಸಿ” ಎಂದಳು. ಕೆಲಸ ಹೋದೀತು ಎಂಬ ಭಯ, ಸಾಲಾಗಿ ನಿಂತವರಲ್ಲಿ ಅರ್ಧ ಜನ ಕೈ ಹಿಂದಕ್ಕೆ ತೆಗೆದುಕೊಂಡೆವು. ಅವಳು ಬೈಯಲಿಲ್ಲ, ನಕ್ಕಳು. “ಕೈ ಹಿಂದೆ ಇಟ್ಕೊಂಡಿರೋರೇ ಮೊದ್ಲು ಬನ್ನಿ. ತೋರ್ಸೋರಿಗೆ ಅರ್ಜೆಂಟಿಲ್ಲ” ಎಂದಳು. ನನ್ನ ಕೈಯನ್ನು ತನ್ನ ಬರಿಗೈಯಲ್ಲೇ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. ಎಷ್ಟೋ ದಿನದಿಂದ ಆ ಕೈಯನ್ನು ಯಾರೂ ಹಾಗೆ ಮುಟ್ಟಿರಲಿಲ್ಲ.

ಅವಳು ಮೊದಲು ಕೈ ಹಾಕಿದ್ದು ನಮ್ಮ ಮರದ ಹೊಟ್ಟಿನ ಡಬ್ಬಕ್ಕೆ. ಎಣ್ಣೆ ವಾಸನೆಯನ್ನು ಮನೆಗೆ ಕೊಂಡೊಯ್ಯಬಾರದು ಎಂದು ಕೆಲಸ ಮುಗಿದ ಮೇಲೆ ಹೊಟ್ಟಿಗೆ ಬಟ್ಟೆ ಸೋಪಿನ ಪುಡಿ ಬೆರೆಸಿ ಕೈ ಉಜ್ಜುವುದು ನಮ್ಮ ವಾಡಿಕೆಯಲ್ಲವೇ? ಯಾರ ಕೈ ಹೆಚ್ಚು ಬೆಳ್ಳಗಾಯಿತು ಎಂದು ಪಂದ್ಯ ಬೇರೆ. “ಪಾತ್ರೆ ಉಜ್ದಂಗೆ ಉಜ್ತೀರಲ್ರೀ! ಪಾತ್ರೆ ಸವೆದ್ರೆ ಬೇರೆ ತರ್ಬಹುದು” ಎಂದು ಡಬ್ಬವನ್ನು ಎತ್ತಿಕೊಂಡೇ ಹೋದಳು. ನಮ್ಮ ತೊಟ್ಟಿಯ ಹಿರಿಯಳು, ನಾವೆಲ್ಲ ದೊಡ್ಡಮ್ಮ ಎನ್ನುವವಳು, ರೇಗಿಬಿಟ್ಟಳು. “ಈ ವಾಸ್ನೆ ಇಟ್ಕೊಂಡು ಮೊಮ್ಮಗೂನ ಹೆಂಗಮ್ಮ ಎತ್ಕೊಳ್ಲಿ?” ಎಂದಳು. ಪಟಾಕಿ ತನ್ನ ಕೈಗೇ ಎಣ್ಣೆ ಬಳಿದುಕೊಂಡು, ಮೆದು ಸೋಪು ಹಚ್ಚಿ, ಸಮಾಧಾನವಾಗಿ ತೊಳೆದು, ಒರೆಸಿ, ಕ್ರೀಮ್ ಸವರಿ, ದೊಡ್ಡಮ್ಮನ ಮೂಗಿನ ಹತ್ತಿರ ಹಿಡಿದಳು. ದೊಡ್ಡಮ್ಮ ಮೂಸಿದಳು, ಮತ್ತೊಮ್ಮೆ ಮೂಸಿದಳು, ಆಮೇಲೆ ಆ ಕ್ರೀಮ್ ಎಲ್ಲಿದೆ ಎಂದು ಕೇಳಿದಳು.

ಗ್ಲೌಸಿನ ಕಥೆ ಇನ್ನೂ ಚೆನ್ನಾಗಿದೆ. “ಗ್ಲೌಸ್ ಕೊಟ್ಟಿದ್ದೀವಿ, ಹೆಂಗಸ್ರು ಸರಿಯಾಗಿ ಹಾಕ್ಕೊಳ್ಳಲ್ಲ” ಎಂದು ಮ್ಯಾನೇಜರ್ ವಾದ. ಅವಳು ಅವರನ್ನೇ ತೊಟ್ಟಿಗೆ ಕರೆತಂದು, ನಾವು ಹಾಕುವ ಮಣಿಕಟ್ಟಿನವರೆಗಿನ ಗ್ಲೌಸ್ ಕೊಟ್ಟು, “ಒಂದೇ ಒಂದು ತಟ್ಟೆ ಬಿಡಿಭಾಗ ತೊಳೀರಿ ಸರ್” ಎಂದಳು. ಅವರೂ ಹಟದಿಂದ ತೊಳೆದರು. ಮುಗಿದ ಮೇಲೆ ಗ್ಲೌಸ್ ಬಿಚ್ಚಿಸಿ ತಲೆಕೆಳಗು ಮಾಡಿದಳು ನೋಡಿ, ಖಾರದ ನೀರು ದಳದಳ ಅವರ ಬೂಟಿನ ಮೇಲೇ ಸುರಿಯಿತು! ನಾವು ನಗಲಿಲ್ಲ, ಕೆನ್ನೆ ಒಳಗೆ ಕಚ್ಚಿಕೊಂಡು ನಿಂತೆವು. “ಇವ್ರ ಕೈ ಇಡೀ ದಿನ ಇದ್ರಲ್ಲೇ ನೆನೀತಿರತ್ತೆ ಸರ್” ಎಂದಳು, ಅಷ್ಟೇ. ಮ್ಯಾನೇಜರ್ ಬಹಳ ಹೊತ್ತು ನಲ್ಲಿಯ ಕೆಳಗೆ ಕೈ ತೊಳೆದುಕೊಂಡರು. ಸಿಟ್ಟಾಗಲಿಲ್ಲ ಎನ್ನುವುದು ಅವರ ದೊಡ್ಡತನ. ಈಗ ನಮಗೆ ಮೊಣಕೈವರೆಗಿನ ಗ್ಲೌಸ್, ಒಳಗೆ ಹಾಕಲು ಹತ್ತಿಯ ಗ್ಲೌಸ್, ಅದು ಬೆವರಿದರೆ ಬದಲಿಸಲು ಇನ್ನೊಂದು. ಬಿಡಿಭಾಗ ಅದ್ದಿ ತೆಗೆಯಲು ಹಿಡಿಯಿರುವ ಬುಟ್ಟಿಯೂ ಬಂದಿದೆ.

ಇನ್ನು ಉಂಗುರ. ಕೆಲಸದ ಹೊತ್ತಿನಲ್ಲಿ ತೆಗೆಯಬೇಕು ಎಂದಳು. ನಾನು ಸುತರಾಂ ಒಪ್ಪಲಿಲ್ಲ. ಹೊರಡುವ ದಿನ ನೀವು ಬಸ್ಸಿನ ಕಿಟಕಿಯಿಂದ “ಇದನ್ನ ಮಾತ್ರ ತೆಗೀಬೇಡ” ಎಂದಿದ್ದಿರಿ. ಹಾಗೆಂದೇ ಅವಳಿಗೆ ಹೇಳಿದೆ. “ಅವ್ರು ಉಂಗುರ ಹಾಕಿದ್ದು ಬೆರಳಿಗೆ ತಾನೇ? ಮೊದ್ಲು ಬೆರಳು ಉಳಿಸ್ಕೊಳ್ಳಿ” ಎಂದಳು. ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದರೆ, ಅದರ ಕೆಳಗೆ ಚರ್ಮವೇ ಇರಲಿಲ್ಲ. ಖಾರದ ನೀರೆಲ್ಲ ಅಲ್ಲೇ ಮನೆ ಮಾಡಿಕೊಂಡಿತ್ತು. ಈಗ ಉಂಗುರ ಬೀರುವಿನಲ್ಲಿ, ನಿಮ್ಮ ನೀಲಿ ಅಂಗಿಯ ಜೇಬಿನಲ್ಲಿದೆ. ಬೇಸರ ಮಾಡಿಕೊಳ್ಳಬೇಡಿ.

ಕೈ ಮಾಗಿದೆ ರೀ. ತೊಟ್ಟಿಯಲ್ಲಿ ನನ್ನ ಜಾಗ ನನ್ನದೇ. ಮೊನ್ನೆ ಬೆಳಿಗ್ಗೆ ಮಗಳು ತಾನಾಗಿಯೇ ಬಾಚಣಿಗೆ ತಂದು ನನ್ನ ಮುಂದೆ ಕೂತಳು. ಎರಡೂ ಜಡೆ ಮುಗಿಯುವವರೆಗೆ ಉಸಿರು ಬಿಗಿಹಿಡಿದಿದ್ದೆ. “ಅಮ್ಮಾ, ಇವತ್ತು ಎಳೀಲೇ ಇಲ್ಲ” ಎಂದಳು. ನಾನು ಅತ್ತುಬಿಟ್ಟೆ. ಆ ಪಟಾಕಿಯನ್ನು ಹೆತ್ತವರ ಹೊಟ್ಟೆ ತಣ್ಣಗಿರಲಿ. ಓದಿದವರು ಬೇಕಾದಷ್ಟು ಜನ ಇರಬಹುದು, ಓದಿದ್ದನ್ನು ಎತ್ತಿಕೊಂಡು ನಮ್ಮ ತೊಟ್ಟಿಯವರೆಗೆ ನಡೆದು ಬಂದವಳು ಅವಳೊಬ್ಬಳೇ.

ಅತ್ತೆ ನಿಮಗೆ ನೂರು ವರ್ಷ ಆಯಸ್ಸು ಹೇಳಿದ್ದಾರೆ, ಮಗಳು ಬಿದ್ದ ಹಲ್ಲನ್ನು ಕಳಿಸಲೇ ಎಂದು ಕೇಳುತ್ತಿದ್ದಾಳೆ. ಮೈ ಕಡೆ ಗಮನವಿರಲಿ.

ನಿಮ್ಮ ದಾರಿ ನೋಡುತ್ತಿರುವ,
ಬಾಯಿಬಡುಕಿ

ಮರೆತಿದ್ದೆ: ಲಕೋಟೆಗೆ ಗೋಂದು ತರಲು ಕನ್ನಡಿಯ ಹತ್ತಿರ ಹೋದಾಗ ಫೋಟೋ ಇನ್ನೊಮ್ಮೆ ನೋಡಿದೆ. ಈ ಸಲ ನಗು ಬರಲಿಲ್ಲ. ಫೋಟೋಗೆ ನಿಂತರೆ ನೀವು ಯಾವಾಗಲೂ ಕೈ ಕಟ್ಟುವುದು ಎದೆಯ ಮೇಲೆ. ಹಸಿ ಸಿಮೆಂಟು ನಮ್ಮ ಖಾರದ ನೀರಿಗೇನೂ ಕಡಿಮೆಯಲ್ಲ ಎಂದು ಪಟಾಕಿ ಹೇಳಿದ್ದಾಳೆ. ನಾಳೆಯೇ ಡಾಕ್ಟರ ಹತ್ತಿರ ಹೋಗಿ. ನಿಮ್ಮ ಉಂಗುರವನ್ನೂ ತೆಗೆದಿಡಿ, ನಾನೇ ಹೇಳುತ್ತಿದ್ದೇನೆ. ಕೈ ಹಿಂದೆ ಇಟ್ಟುಕೊಂಡವರೇ ಮೊದಲು. ಆಮೇಲೆ ಇನ್ನೊಂದು ಫೋಟೋ ಕಳಿಸಿ, ಎರಡೂ ಕೈ ಮುಂದೆ ಚಾಚಿ. ಮುಖ ಬರದಿದ್ದರೂ ಪರವಾಗಿಲ್ಲ.